ಕಾನ್ವೆಂಟ್ ಯಾರ ಶಾಲೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಇಂಗ್ಲಿಷ್ ಮೀಡಿಯಂ ಶಾಲೆಗೆಲ್ಲ ನಾವು ಕಾನ್ವೆಂಟ್ ಅಂತೀವಿ. ನಿಜಕ್ಕೂ ಕಾನ್ವೆಂಟ್ ಅಂದರೆ ಕ್ರೈಸ್ತ ಸನ್ಯಾಸಿನಿಯರು ವಾಸ ಮಾಡುವ ಮನೆ. ಅವರು ಶಾಲೆ ನಡೆಸಿದ್ದರಿಂದ ಆ ಹೆಸರು ಶಾಲೆಗೂ ಅಂಟಿಕೊಂಡಿತು.

ಮಂಗಳೂರಿನ ಕಥೋಲಿಕರು ತಮ್ಮ ಮಕ್ಕಳ ಓದಿಗಾಗಿ ರೋಮ್‌ಗೆ ಬರೆದು ಕೇಳಿಕೊಂಡರು. ಜೆಸ್ವಿಟ್ ಪಾದ್ರಿಗಳು ಬಂದು 1880ರಲ್ಲಿ ಸಂತ ಅಲೋಶಿಯಸ್ ಸಂಸ್ಥೆ ಶುರು ಮಾಡಿದರು. ಮೈಸೂರಿನ ಸಂತ ಫಿಲೋಮಿನಾ ಕಾಲೇಜು 1946ರದು. ಒಂದು ಸಮುದಾಯ ಕಟ್ಟಿದ ಇಂಥ ಸಂಸ್ಥೆಗಳಲ್ಲಿ ಇವತ್ತು ಎಲ್ಲ ಜಾತಿ, ಧರ್ಮದ ಮಕ್ಕಳೂ ಓದುತ್ತಾರೆ. ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿ ಸಂತ ಅಂತೋಣಿಯವರ ಚರ್ಚೂ ಹಾಗೇ. ಕಥೋಲಿಕರದ್ದು, ಆದರೆ ಹರಕೆ ಹೊತ್ತು ಹೋಗುವವರು ಎಲ್ಲರೂ.

ಹಾಗಾದರೆ ಶಾಲೆ ಯಾರದು? ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿನ ಮೇಲೇ 2014ರಲ್ಲಿ ಸುಪ್ರೀಂ ಕೋರ್ಟ್, ಆರ್‌ಟಿಇ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದಿತು. ಬಡ ಮಕ್ಕಳಿಗೆ ಶೇ 25 ಸೀಟು ಎಂಬ ನಿಯಮ ಅಲ್ಲಿಗೆ ಹೋಗಲಿಲ್ಲ. ಇದು ನಮ್ಮ ಹಳ್ಳಿಯವರಿಗೆ ನಷ್ಟವೇ.

ಆದರೆ ಹಕ್ಕು ನಮಗೂ ಇದೆ. ಸರ್ಕಾರದ ಮಾನ್ಯತೆ ಇರುವ ಯಾವ ಶಾಲೆಯಲ್ಲೂ ತಂದೆ ತಾಯಿ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಪಾಠಕ್ಕೆ ಕೂರಿಸುವಂತಿಲ್ಲ. ಇದು 28ನೇ ವಿಧಿ.

ಆದ್ದರಿಂದ ಹೈಸ್ಕೂಲಿಗೆ ಸೇರಿಸುವಾಗ ಕಾನ್ವೆಂಟ್ ಅನ್ನುವ ಹೆಸರಿಗೆ ಮರುಳಾಗುವುದೂ ಬೇಡ, ಹೆದರುವುದೂ ಬೇಡ. ನಡೆಸುವವರು ಯಾರು, ಮಾನ್ಯತೆ ಇದೆಯಾ, ಫೀಸು ಎಷ್ಟು? ಈ ಮೂರನ್ನು ಕೇಳಿಯೇ ಸೇರಿಸೋಣ.