ಕಡಲಿಲ್ಲದ ದೇಶದ ನೌಕಾಪಡೆ

ಭಾಗ 1/8

ಫೋಟೋ ನೋಡಿ. ಬಿಳಿ ಯೂನಿಫಾರ್ಮ್ ಹಾಕಿದ ನಾವಿಕರು, ಗಾಢ ನೀಲಿ ನೀರು, ಹಿಂದೆ ಹಿಮದ ಬೆಟ್ಟ. ಇದು ಬೊಲಿವಿಯಾದ ನೌಕಾಪಡೆ. ಈಗ ದಕ್ಷಿಣ ಅಮೆರಿಕದ ಮ್ಯಾಪ್ ತೆಗೆದು ಬೊಲಿವಿಯಾ ಎಲ್ಲಿದೆ ಹುಡುಕಿ. ಪಶ್ಚಿಮಕ್ಕೆ ಪೆರು ಮತ್ತು ಚಿಲಿ, ದಕ್ಷಿಣಕ್ಕೆ ಅರ್ಜೆಂಟೀನಾ ಮತ್ತು ಪರಾಗ್ವೆ, ಉಳಿದ ಕಡೆಯೆಲ್ಲ ಬ್ರೆಜಿಲ್. ಕಡಲೆಲ್ಲಿ? ಒಂದು ಇಂಚೂ ಇಲ್ಲ.

"ಸಮುದ್ರವೇ ಇಲ್ಲದ ನೇವಿ" ಅಂತ ಇದರ ಮೇಲೆ ಮೀಮ್‌ಗಳು ಬೇಕಾದಷ್ಟಿವೆ. ನಾನೂ ನೋಡಿ ನಕ್ಕವನೇ. ಆಮೇಲೆ ಓದುತ್ತಾ ಹೋದ ಹಾಗೆ ನಗು ನಿಂತಿತು.

ಫೋಟೋದಲ್ಲಿರೋ ನೀರು ಟಿಟಿಕಾಕಾ ಸರೋವರದ್ದು. ಸಮುದ್ರ ಮಟ್ಟದಿಂದ 3,812 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದ್ರೆ ಒಂದರ ಮೇಲೊಂದು ಎರಡು ಮುಳ್ಳಯ್ಯನಗಿರಿ ಇಟ್ಟರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿ ಇವರು ಹಡಗು ಓಡಿಸ್ತಾರೆ. ಪಡೆಯಲ್ಲಿ ಸುಮಾರು 5,000 ಜನ ಇದ್ದಾರೆ.

ಇವರ ಬಾವುಟ ಕಡುನೀಲಿ. ಅದರಲ್ಲಿ ಒಂಬತ್ತು ಸಣ್ಣ ನಕ್ಷತ್ರ, ಒಂದು ದೊಡ್ಡ ನಕ್ಷತ್ರ. ಒಂಬತ್ತು ಅಂದ್ರೆ ದೇಶದ ಒಂಬತ್ತು ಪ್ರಾಂತ್ಯಗಳು. ಆ ದೊಡ್ಡದು ಹತ್ತನೆಯದು, ಈಗ ಅವರ ಕೈಯಲ್ಲಿಲ್ಲದ ಕರಾವಳಿ ಪ್ರಾಂತ್ಯ. ಇದು ಆ ಹತ್ತನೇ ನಕ್ಷತ್ರದ ಕಥೆ.

ಭಾಗ 2/8

ಬೊಲಿವಿಯಾ ಸ್ಪೇನ್‌ನಿಂದ ಸ್ವತಂತ್ರ ಆಗಿದ್ದು 1825ರಲ್ಲಿ. ಆಗ ಅದಕ್ಕೆ ಕಡಲಿತ್ತು. ಪೆಸಿಫಿಕ್ ತೀರದಲ್ಲಿ ಸುಮಾರು 400 ಕಿಲೋಮೀಟರ್ ಕರಾವಳಿ, ಅದರ ಹಿಂದೆ ಸುಮಾರು 1,20,000 ಚದರ ಕಿಲೋಮೀಟರ್ ನೆಲ. ಹೆಸರು ಲಿಟೊರಾಲ್. ನಮ್ಮ ಕಾರವಾರದಿಂದ ಮಂಗಳೂರಿನ ತನಕದ ಕರಾವಳಿಗಿಂತ ಉದ್ದ!

ಆದರೆ ಅದು ತೆಂಗು, ಅಡಿಕೆ ಬೆಳೆಯೋ ಕರಾವಳಿ ಅಲ್ಲ. ಅದು ಅಟಕಾಮ ಮರುಭೂಮಿ, ಜಗತ್ತಿನ ಅತ್ಯಂತ ಒಣ ಜಾಗಗಳಲ್ಲಿ ಒಂದು. ದೇಶದ ಜನ, ಬೆಳ್ಳಿಯ ಗಣಿ, ಅಧಿಕಾರ ಎಲ್ಲವೂ ಆಂಡಿಸ್ ಪರ್ವತದ ಮೇಲೆ. ಕೆಳಗಿನ ಕೊಬಿಹಾ ಬಂದರಿಗೆ ಇಳಿಯಬೇಕೆಂದರೆ ಪರ್ವತವನ್ನೂ ಮರುಭೂಮಿಯನ್ನೂ ದಾಟಬೇಕು. ಹಾಗಾಗಿ ಸ್ವಂತ ಕರಾವಳಿಯೇ ಅವರಿಗೆ ದೂರದ ನೆಂಟರ ಮನೆಯ ಹಾಗಿತ್ತು.

ಆ ಒಣ ನೆಲದಲ್ಲಿ ಎರಡು ಸಂಪತ್ತು ಸಿಕ್ಕವು. ಒಂದು ಕಡಲಹಕ್ಕಿಗಳ ಹಿಕ್ಕೆ, ಗ್ವಾನೊ. ಇನ್ನೊಂದು ಪೆಟ್ಲುಪ್ಪು. ಎರಡೂ ಗೊಬ್ಬರಕ್ಕೆ ಬೇಕು, ಪೆಟ್ಲುಪ್ಪು ಸಿಡಿಮದ್ದಿಗೂ ಬೇಕು. ಯುರೋಪಿನ ಹೊಲಗಳೂ ತೋಪುಗಳೂ ಇದಕ್ಕಾಗಿ ಕಾಯ್ತಿದ್ದವು. ಅಗೆಯಲು ಬಂದ ಕೆಲಸಗಾರರಲ್ಲಿ ಹೆಚ್ಚಿನವರು ಚಿಲಿಯವರು, ಬಂಡವಾಳ ಚಿಲಿ ಮತ್ತು ಬ್ರಿಟನ್ನಿನದು. 1870ರ ದಶಕದಲ್ಲಿ ಆಂಟೊಫಗಾಸ್ಟ ಬಂದರಿನ ಬೀದಿಯಲ್ಲಿ ನೀವು ನಡೆದಿದ್ದರೆ ಎದುರಾಗುತ್ತಿದ್ದವರಲ್ಲಿ ಬಹುಪಾಲು ಚಿಲಿಯವರೇ.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಇಷ್ಟು ಉದ್ದದ ಕರಾವಳಿ ಇದ್ದಾಗ ಬೊಲಿವಿಯಾ ಬಳಿ ಹೇಳಿಕೊಳ್ಳೋ ಅಂಥ ನೌಕಾಪಡೆ ಇರಲೇ ಇಲ್ಲ.

ಭಾಗ 3/8

ಯುದ್ಧ ಶುರುವಾಗಿದ್ದು ಹತ್ತು ಸೆಂಟಿನಿಂದ ಅಂದ್ರೆ ನಂಬ್ತೀರಾ?

1874ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡಿದ್ದವು: ಅಲ್ಲಿನ ಚಿಲಿ ಕಂಪನಿಗಳ ಮೇಲೆ 25 ವರ್ಷ ಬೊಲಿವಿಯಾ ತೆರಿಗೆ ಏರಿಸುವಂತಿಲ್ಲ. ಆದರೆ 1877ರಲ್ಲಿ ಆ ಕರಾವಳಿಗೆ ಭೂಕಂಪ, ಸುನಾಮಿ ಬಡಿಯಿತು. ಮೇಲ್ನಾಡಿನಲ್ಲಿ ಬರ ಬಿತ್ತು. ಖಜಾನೆ ಖಾಲಿ. 1878ರಲ್ಲಿ ಬೊಲಿವಿಯಾ ಪ್ರತಿ ಕ್ವಿಂಟಲ್ ಪೆಟ್ಲುಪ್ಪಿಗೆ 10 ಸೆಂಟ್ ತೆರಿಗೆ ಹಾಕಿತು. ಕಂಪನಿ ಕೊಡಲ್ಲ ಅಂದಿತು. ಹಾಗಾದರೆ ನಿಮ್ಮ ಆಸ್ತಿ ಹರಾಜು ಹಾಕ್ತೀವಿ ಅಂತ ಅಧ್ಯಕ್ಷ ಹಿಲಾರಿಯೊನ್ ದಾಸಾ ಅವರ ಸರ್ಕಾರ ದಿನ ಗೊತ್ತು ಮಾಡಿತು.

1879ರ ಫೆಬ್ರವರಿ 14, ಹರಾಜಿನ ದಿನ. ಅವತ್ತೇ ಚಿಲಿಯ ಸೈನಿಕರು ಆಂಟೊಫಗಾಸ್ಟದಲ್ಲಿ ಇಳಿದರು. ಊರು ಅವರ ಕೈಗೆ ಹೋಯಿತು.

ಮಾರ್ಚ್ 23ರಂದು ಕಲಾಮಾ ಊರಿನ ಹತ್ತಿರ, ಟೊಪಾಟರ್ ಎಂಬಲ್ಲಿ ಮೊದಲ ಕಾಳಗ. ಬೊಲಿವಿಯಾ ಕಡೆ ಸುಮಾರು 135 ಜನ, ಎದುರಿಗೆ 500ಕ್ಕೂ ಹೆಚ್ಚು. ಅಲ್ಲಿ ಸೇತುವೆ ಕಾಯುತ್ತಾ, ಶರಣಾಗಲು ಒಪ್ಪದೆ ಸತ್ತವರು ಎದುವಾರ್ದೊ ಅಬರೋವ. ಅವರು ಸೇನೆಯಲ್ಲಿ ನೌಕರಿ ಮಾಡುತ್ತಿದ್ದವರಲ್ಲ, ಊರಿನ ಒಬ್ಬ ನಾಗರಿಕ. ಇವತ್ತಿಗೂ ಬೊಲಿವಿಯಾದ ಪ್ರತಿ ಮಗುವಿಗೂ ಆ ಹೆಸರು ಗೊತ್ತು.

ಬೊಲಿವಿಯಾ 1873ರಲ್ಲಿ ಪೆರು ಜೊತೆ ಗುಟ್ಟಾಗಿ ರಕ್ಷಣಾ ಒಪ್ಪಂದ ಮಾಡಿಕೊಂಡಿತ್ತು. ಏಪ್ರಿಲ್ 5ಕ್ಕೆ ಚಿಲಿ ಇಬ್ಬರ ಮೇಲೂ ಯುದ್ಧ ಘೋಷಿಸಿತು. ಇತಿಹಾಸದಲ್ಲಿ ಇದರ ಹೆಸರು ಪೆಸಿಫಿಕ್ ಯುದ್ಧ.

ಭಾಗ 4/8

ಈ ಫೋಟೋದ ಹಳೇ ಹಡಗಿನ ಹೆಸರು ವಾಸ್ಕರ್. ಕಬ್ಬಿಣದ ಕವಚ ಹೊದ್ದ ಪೆರುವಿನ ಯುದ್ಧನೌಕೆ. ಬೊಲಿವಿಯಾ ಕಳೆದುಕೊಂಡ ಕಡಲಿನ ಕಥೆಯಲ್ಲಿ ಪೆರುವಿನ ಹಡಗು ಯಾಕೆ ಬಂತು? ಯಾಕಂದ್ರೆ ಬೊಲಿವಿಯಾ ಪರವಾಗಿ ಸಮುದ್ರದಲ್ಲಿ ಹೋರಾಡಲು ಬೇರೆ ಯಾರೂ ಇರಲಿಲ್ಲ.

ಅಟಕಾಮದಲ್ಲಿ ರಸ್ತೆಯಿಲ್ಲ, ನೀರಿಲ್ಲ. ಸೈನಿಕರು, ಕುದುರೆ, ಕುಡಿಯೋ ನೀರು, ಮದ್ದುಗುಂಡು ಎಲ್ಲ ಹಡಗಿನಲ್ಲೇ ಬರಬೇಕು. ಸಮುದ್ರ ಯಾರ ಕೈಲಿ ಇದೆಯೋ ಮರುಭೂಮಿಯೂ ಅವರದ್ದೇ.

1879ರ ಮೇ 21ರಂದು ಇಕೀಕೆ ಬಂದರಿನ ಎದುರು ವಾಸ್ಕರ್, ಚಿಲಿಯ ಹಳೇ ಮರದ ಹಡಗು ಎಸ್ಮೆರಾಲ್ಡಾವನ್ನು ಮುಳುಗಿಸಿತು. ಎಸ್ಮೆರಾಲ್ಡಾದ ಕಪ್ತಾನ ಆರ್ತುರೊ ಪ್ರಾತ್ ಶತ್ರು ಹಡಗಿನ ಮೇಲೆ ಹಾರಿ ಹೋರಾಡುತ್ತಾ ಸತ್ತರು. ವಾಸ್ಕರ್ ಕಪ್ತಾನ ಮಿಗೆಲ್ ಗ್ರಾವ್ ನೀರಿಗೆ ಬಿದ್ದ ಶತ್ರು ನಾವಿಕರನ್ನು ಮೇಲೆತ್ತಿಸಿದರು. ಪ್ರಾತ್ ಅವರ ವಸ್ತುಗಳನ್ನು ಒಂದು ಪತ್ರದ ಜೊತೆ ಅವರ ಹೆಂಡತಿಗೆ ಕಳಿಸಿಕೊಟ್ಟರು. ಗ್ರಾವ್ ಅವರನ್ನು ಚಿಲಿಯವರೂ ಗೌರವಿಸೋದು ಇದಕ್ಕೇ.

ಅದೇ ವರ್ಷ ಅಕ್ಟೋಬರ್ 8ಕ್ಕೆ ಅಂಗಾಮೋಸ್ ಭೂಶಿರದ ಬಳಿ ಚಿಲಿಯ ಹಡಗುಗಳು ವಾಸ್ಕರ್ ಅನ್ನು ಸುತ್ತುವರಿದವು. ಗ್ರಾವ್ ಸತ್ತರು, ಹಡಗು ಸೆರೆಯಾಯಿತು. ಅಂಗಾಮೋಸ್ ಇರೋದು ಬೊಲಿವಿಯಾದ್ದಾಗಿದ್ದ ಕರಾವಳಿಯಲ್ಲೇ. ಅಂದ್ರೆ ಆ ಕರಾವಳಿಯ ಹಣೆಬರಹ ನಿರ್ಧಾರವಾದ ನೌಕಾಯುದ್ಧದಲ್ಲಿ ಅದರ ಒಡೆಯನ ಒಂದು ಯುದ್ಧನೌಕೆಯೂ ಇರಲಿಲ್ಲ. ವಾಸ್ಕರ್ ಈಗ ಚಿಲಿಯ ತಾಲ್ಕವಾನೊದಲ್ಲಿ ತೇಲುವ ಮ್ಯೂಸಿಯಂ.

ಭಾಗ 5/8

1880ರ ಮೇ 26ರಂದು ಟಾಕ್ನಾ ಹತ್ತಿರದ ಯುದ್ಧದಲ್ಲಿ ಸೋತ ಮೇಲೆ ಬೊಲಿವಿಯಾ ಸೇನೆ ಪರ್ವತದ ಮೇಲಕ್ಕೆ ಹಿಂದಿರುಗಿತು. ಪೆರು ಒಂಟಿಯಾಗಿ ಹೋರಾಡಿತು. 1881ರ ಜನವರಿಯಲ್ಲಿ ಅದರ ರಾಜಧಾನಿ ಲಿಮಾ ಕೂಡ ಚಿಲಿಯ ವಶವಾಯಿತು. 1884ರಲ್ಲಿ ಬೊಲಿವಿಯಾ ಮತ್ತು ಚಿಲಿ ನಡುವೆ ಕದನವಿರಾಮ.

ಕೊನೆಯ ಸಹಿ ಬಿದ್ದಿದ್ದು 1904ರ ಅಕ್ಟೋಬರ್ 20ರ ಒಪ್ಪಂದಕ್ಕೆ. ಕರಾವಳಿ ಶಾಶ್ವತವಾಗಿ ಚಿಲಿಗೆ. ಬದಲಿಗೆ ಚಿಲಿ ದುಡ್ಡು ಕೊಡಬೇಕು, ಅರಿಕಾ ಬಂದರಿನಿಂದ ಲಾ ಪಾಸ್‌ವರೆಗೆ ರೈಲು ಹಾಕಿಕೊಡಬೇಕು, ಬೊಲಿವಿಯಾದ ಸರಕನ್ನು ತನ್ನ ಬಂದರುಗಳ ಮೂಲಕ ಬಿಡಬೇಕು. ರೈಲು 1913ರಲ್ಲಿ ಓಡಿತು.

ಇಲ್ಲಿ ಎರಡು ಕಡೆಯ ಮಾತನ್ನೂ ಕೇಳಿ. ಚಿಲಿ ಹೇಳೋದು: ಯುದ್ಧ ಮುಗಿದು ಇಪ್ಪತ್ತು ವರ್ಷ ಆದಮೇಲೆ ನೀವೇ ಸಹಿ ಹಾಕಿದ್ದೀರಿ, ಯಾರೂ ಕುತ್ತಿಗೆಗೆ ಕತ್ತಿ ಹಿಡಿದಿರಲಿಲ್ಲ. ಬೊಲಿವಿಯಾ ಹೇಳೋದು: ನಮ್ಮ ಬಾಗಿಲೆಲ್ಲ ನಿಮ್ಮ ಕೈಯಲ್ಲಿದ್ದಾಗ ಸಹಿ ಹಾಕದೆ ಇನ್ನೇನು ಮಾಡಬೇಕಿತ್ತು?

ಹೋಗಿದ್ದು ಬರೀ ಮರಳು ಅನ್ಕೋಬೇಡಿ. ದೈತ್ಯ ಗಾತ್ರದ ಚುಕಿಕಮಾಟಾ ತಾಮ್ರದ ಗಣಿ ಇರೋದು ಇವತ್ತಿನ ಆಂಟೊಫಗಾಸ್ಟ ಪ್ರದೇಶದಲ್ಲೇ.

ಅಬರೋವ ಸತ್ತ ಮಾರ್ಚ್ 23, ಬೊಲಿವಿಯಾದಲ್ಲಿ 'ಕಡಲಿನ ದಿನ'. ಲಾ ಪಾಸ್‌ನಲ್ಲಿ ಅವರ ಹೆಸರಿನ ಚೌಕಕ್ಕೆ ಮೆರವಣಿಗೆ ಹೋಗುತ್ತೆ. ಶಾಲೆ ಮಕ್ಕಳು, ಸೈನಿಕರು, ಎಲ್ಲರೂ. ಆ ಸಾಲಿನಲ್ಲಿ ನೌಕಾಪಡೆಯೂ ಇರುತ್ತೆ.

ಭಾಗ 6/8

ಆ ನೌಕಾಪಡೆ ಹುಟ್ಟಿದ್ದು 1963ರಲ್ಲಿ, ಅಧ್ಯಕ್ಷ ವಿಕ್ಟರ್ ಪಾಸ್ ಎಸ್ತೆನ್ಸೊರೊ ಕಾಲದಲ್ಲಿ. ಕಡಲು ಹೋಗಿ ಎಂಬತ್ತು ವರ್ಷಕ್ಕೂ ಹೆಚ್ಚಾಗಿತ್ತು. ಮೊದಲ ಹೆಸರು ಬಹಳ ಪ್ರಾಮಾಣಿಕವಾಗಿತ್ತು: 'ನದಿ ಮತ್ತು ಸರೋವರ ಪಡೆ'. ನೌಕಾಪಡೆ ಅನ್ನೋ ಹೆಸರು ಆಮೇಲೆ ಬಂತು.

ಭಾಗ 2ರಲ್ಲಿ ನೆನಪಿಟ್ಟುಕೊಳ್ಳಿ ಅಂದಿದ್ದೆ ಅಲ್ವಾ? ಕಡಲಿದ್ದಾಗ ಪಡೆ ಇರಲಿಲ್ಲ, ಪಡೆ ಬಂದಾಗ ಕಡಲಿರಲಿಲ್ಲ.

ಹಾಗಾದ್ರೆ ಈ ಪಡೆ ಮಾಡೋದೇನು? ಇನ್ನೊಮ್ಮೆ ಮ್ಯಾಪ್ ತೆಗೆಯಿರಿ, ಈ ಸಲ ಪಶ್ಚಿಮ ಬಿಟ್ಟು ಉತ್ತರ ಮತ್ತು ಪೂರ್ವಕ್ಕೆ ನೋಡಿ. ಬೆನಿ, ಮಮೊರೆ, ಮಾದ್ರೆ ದೆ ದಿಯೋಸ್, ಇತೆನೆಸ್. ಎಲ್ಲವೂ ಅಮೆಜಾನ್ ಕಡೆ ಹರಿಯುವ ನದಿಗಳು. ಮಳೆಗಾಲದಲ್ಲಿ ಅಲ್ಲಿ ಎಷ್ಟೋ ಹಳ್ಳಿಗೆ ನದಿಯೇ ರಸ್ತೆ. ರಿಬೆರಾಲ್ಟಾ, ಗ್ವಯರಮೆರಿನ್, ಟ್ರಿನಿಡಾಡ್‌ಗಳಲ್ಲಿ ನೌಕಾಪಡೆಯ ನೆಲೆಗಳಿವೆ. ನೆರೆ ಬಂದಾಗ ಜನರನ್ನು ದೋಣಿಗೆ ಹತ್ತಿಸೋದು, ಔಷಧಿ ಮತ್ತು ವೈದ್ಯರನ್ನು ತಲುಪಿಸೋದು, ಗಡಿ ನದಿಗಳಲ್ಲಿ ಕಳ್ಳಸಾಗಣೆ ಮತ್ತು ಮಾದಕವಸ್ತು ತಡೆಯೋದು ಇವರ ದಿನನಿತ್ಯದ ಕೆಲಸ. 2014ರಲ್ಲಿ ಬೆನಿ ಪ್ರಾಂತ್ಯ ಭಾರೀ ಪ್ರವಾಹದಲ್ಲಿ ಮುಳುಗಿದಾಗ ಇಂಥ ದೋಣಿಗಳ ಬೆಲೆ ಏನು ಅಂತ ಅಲ್ಲಿಯವರಿಗೆ ಗೊತ್ತಾಯಿತು.

ಪೂರ್ವದ ಮೂಲೆಯಲ್ಲಿ ಇನ್ನೊಂದು ದಾರಿ ಇದೆ. ಪೋರ್ಟೊ ಕಿಹಾರೊ ಬಳಿಯ ತಮೆಂಗೊ ಕಾಲುವೆಯಿಂದ ಪರಾಗ್ವೆ ನದಿ, ಅಲ್ಲಿಂದ ಪರಾನಾ ನದಿ, ಕೊನೆಗೆ ಅಟ್ಲಾಂಟಿಕ್. ಬೊಲಿವಿಯಾದ ಸೋಯಾ ನಾಡದೋಣಿಯ ಹತ್ತಾರು ಪಟ್ಟು ದೊಡ್ಡ ಬಾರ್ಜ್‌ಗಳಲ್ಲಿ ಈ ದಾರಿಯಾಗಿಯೂ ಸಮುದ್ರ ಸೇರುತ್ತೆ. ಮೀಮ್ ಮಾಡಿದವರಿಗೆ ಇದು ಗೊತ್ತಿರಲಿಲ್ಲ ಅಷ್ಟೇ.

ಭಾಗ 7/8

ಆದರೂ ಪೆಸಿಫಿಕ್ ಮರೆತಿಲ್ಲ. ಎರಡು ಸಲ ಬಾಗಿಲು ತೆರೆದೇಬಿಡುತ್ತೆ ಅನ್ನಿಸಿತ್ತು.

ಒಂದು, 1975. ಗಡಿಯ ಚರಾನಾ ರೈಲು ನಿಲ್ದಾಣದಲ್ಲಿ ಚಿಲಿಯ ಪಿನೊಚೆ ಮತ್ತು ಬೊಲಿವಿಯಾದ ಬಾನ್ಸೆರ್, ಇಬ್ಬರು ಮಿಲಿಟರಿ ಸರ್ವಾಧಿಕಾರಿಗಳು, ಅಪ್ಪಿಕೊಂಡರು. ಅರಿಕಾದ ಉತ್ತರಕ್ಕೆ ಸಮುದ್ರದವರೆಗೆ ಒಂದು ಪಟ್ಟಿ ನೆಲ ಕೊಡುವ ಮಾತಾಯಿತು. ಆದರೆ 1929ರ ಒಪ್ಪಂದದ ಪ್ರಕಾರ, ಪೆರುವಿನದಾಗಿದ್ದ ಆ ನೆಲವನ್ನು ಪೆರು ಒಪ್ಪದೆ ಚಿಲಿ ಬೇರೆಯವರಿಗೆ ಕೊಡುವಂತಿಲ್ಲ. ಮಾತು ಅಲ್ಲೇ ಸಿಕ್ಕಿಕೊಂಡಿತು. 1978ರಲ್ಲಿ ರಾಜತಾಂತ್ರಿಕ ಸಂಬಂಧವೇ ಕಡಿದುಹೋಯಿತು.

ಎರಡು, ನ್ಯಾಯಾಲಯ. 2013ರಲ್ಲಿ ಎವೊ ಮೊರಾಲೆಸ್ ಸರ್ಕಾರ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಕೇಳಿದ್ದು ಕರಾವಳಿಯನ್ನಲ್ಲ, ಮಾತುಕತೆಗೆ ಕೂರುವುದು ಚಿಲಿಯ ಕಾನೂನುಬದ್ಧ ಹೊಣೆ ಅಂತ ಹೇಳಿ, ಸಾಕು ಅಂತ. 2018ರ ಮಾರ್ಚ್‌ನಲ್ಲಿ ಲಾ ಪಾಸ್ ಮತ್ತು ಒರುರೊ ನಡುವಿನ ಹೆದ್ದಾರಿಯಲ್ಲಿ ಜನ ಸುಮಾರು 200 ಕಿಲೋಮೀಟರ್ ಉದ್ದದ ನೀಲಿ ಬಾವುಟ ಹಿಡಿದು ನಿಂತರು. ಅಕ್ಟೋಬರ್ 1ಕ್ಕೆ ತೀರ್ಪು ಬಂತು. 12 ನ್ಯಾಯಾಧೀಶರು ಚಿಲಿಗೆ ಅಂಥ ಹೊಣೆ ಇಲ್ಲ ಅಂದರು, 3 ಜನ ಒಪ್ಪಲಿಲ್ಲ. ನೆರೆಹೊರೆಯವರಾಗಿ ಮಾತಾಡಿಕೊಳ್ಳಲು ಈ ತೀರ್ಪು ಅಡ್ಡಿಯಲ್ಲ ಅಂತಲೂ ಕೋರ್ಟ್ ಸೇರಿಸಿತು.

ಈ ನೆನಪಿಗೆ ಜೀವಗಳೂ ಹೋಗಿವೆ. 2003ರಲ್ಲಿ ಬೊಲಿವಿಯಾದ ಅನಿಲವನ್ನು ಚಿಲಿಯ ಬಂದರಿನಿಂದ ರಫ್ತು ಮಾಡುವ ಯೋಜನೆ ಬಂದಾಗ ಜನ ಬೀದಿಗಿಳಿದರು. ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು, ಅನಿಲದ ಲಾಭ ಯಾರ ಜೇಬಿಗೆ ಅನ್ನೋದು ಮುಖ್ಯವಾಗಿ. 60ಕ್ಕೂ ಹೆಚ್ಚು ಜನ ಸತ್ತರು, ಅಧ್ಯಕ್ಷರು ರಾಜೀನಾಮೆ ಕೊಟ್ಟು ದೇಶ ಬಿಟ್ಟರು.

ಭಾಗ 8/8

ಕೊನೆಯ ಫೋಟೋ. ಬಿರುಕು ಬಿಟ್ಟ ನೆಲ, ಅದರ ಮೇಲೆ ಮಗುಚಿದ ಒಂದು ದೋಣಿ. ಇದು ಪೊಪೊ ಸರೋವರ, ಅಂದ್ರೆ ಸರೋವರ ಇದ್ದ ಜಾಗ. ಟಿಟಿಕಾಕಾ ಬಿಟ್ಟರೆ ದೇಶದ ಅತಿ ದೊಡ್ಡ ಸರೋವರ ಇದೇ ಆಗಿತ್ತು. ಟಿಟಿಕಾಕಾದಿಂದ ಹೊರಡುವ ದೆಸಗ್ವಾದೆರೊ ನದಿ ಇದಕ್ಕೆ ನೀರು ತರ್ತಿತ್ತು. 2015ರ ಕೊನೆಗೆ ಪೂರ್ತಿ ಒಣಗಿಹೋಯಿತು. ಏರಿದ ತಾಪಮಾನ, ಬರ, ನೀರಾವರಿಗೆ ತಿರುಗಿಸಿದ ನದಿ, ಗಣಿಗಳಿಂದ ಬಂದ ಹೂಳು, ಎಲ್ಲ ಸೇರಿಕೊಂಡವು. ತಲೆಮಾರುಗಳಿಂದ ಮೀನು ಹಿಡಿದು ಬದುಕಿದ್ದ ಉರು ಜನರಲ್ಲಿ ಎಷ್ಟೋ ಮಂದಿ ಊರು ಬಿಟ್ಟು ಉಪ್ಪಿನ ಕೆಲಸ, ಗಣಿ ಕೆಲಸ ಹುಡುಕಿಕೊಂಡು ಹೋದರು.

2023ರಲ್ಲಿ ಟಿಟಿಕಾಕಾ ಕೂಡ ದಾಖಲೆಯ ಕನಿಷ್ಠ ಮಟ್ಟದ ಹತ್ತಿರಕ್ಕೆ ಇಳಿಯಿತು.

ಯೋಚನೆ ಮಾಡಿ. ಒಂದು ನೀರನ್ನು ಇನ್ನೊಂದು ದೇಶ ಕಿತ್ತುಕೊಂಡಿತು. ಅದರ ನೆನಪಿಗೆ ಒಂದು ದಿನ ಇದೆ, ಬಾವುಟ ಇದೆ, ಪಡೆ ಇದೆ, 2009ರ ಸಂವಿಧಾನದಲ್ಲಿ ಒಂದು ವಿಧಿಯೇ ಇದೆ. ಇನ್ನೊಂದು ನೀರು ಕಣ್ಣೆದುರೇ ಹೋಯಿತು. ಅದಕ್ಕೆ ಅಷ್ಟು ದೊಡ್ಡ ಮೆರವಣಿಗೆ ಹೊರಡಲ್ಲ, ಯಾಕಂದ್ರೆ ಬೈಯೋಕೆ ಎದುರಿಗೆ ಒಬ್ಬ ಶತ್ರು ನಿಂತಿಲ್ಲ.

ಕಡಲಿನ ನೆನಪು ತಪ್ಪು ಅಂತ ನಾನು ಹೇಳ್ತಿಲ್ಲ. ಕಳೆದುಕೊಂಡವರಿಗೆ ಮರೆತುಬಿಡಿ ಅನ್ನೋದು ಸುಲಭ. ನನಗೆ ಅನ್ನಿಸೋದು ಇಷ್ಟು: ಆ ನೌಕಾಪಡೆಯ ಗೌರವ ಬಾವುಟದ ದೊಡ್ಡ ನಕ್ಷತ್ರದಲ್ಲಿ ಎಷ್ಟಿದೆಯೋ, ನೆರೆಯಲ್ಲಿ ಒಬ್ಬ ಅಜ್ಜಿಯನ್ನು ದೋಣಿಗೆ ಎತ್ತಿ ಕೂರಿಸೋ ಹುಡುಗನ ಕೈಯಲ್ಲೂ ಅಷ್ಟೇ ಇದೆ. ಇರೋ ನೀರನ್ನು ಕಾಯೋದೂ ಕಾವಲೇ ತಾನೇ?

ಇನ್ಮೇಲೆ ಯಾರಾದ್ರೂ ಆ ಮೀಮ್ ಕಳಿಸಿದ್ರೆ ಹತ್ತನೇ ನಕ್ಷತ್ರದ ಕಥೆ ಹೇಳಿ. ಪೊಪೊ ಕಥೆಯನ್ನೂ ಮರೀಬೇಡಿ.

ನಿಮ್ಮೂರಲ್ಲಿ ಹೀಗೆ ಸದ್ದಿಲ್ಲದೆ ಹೋದ ಕೆರೆ ಇದೆಯಾ? ಹೆಸರು ಕಾಮೆಂಟ್‌ನಲ್ಲಿ ಬರೀರಿ.

#ಇತಿಹಾಸ #ಬೊಲಿವಿಯಾ #ಟಿಟಿಕಾಕಾ #ಕನ್ನಡದಲ್ಲಿಓದಿ