ಗಡಿಯಾಚೆಯ ಐದು ಹನಿ

ಹಲ್ಲು ಮೂಡುವಾಗ ಕೂಸಿಗೆ ಭೇದಿಯಾಗುವುದು ಸಹಜವೆಂಬ ಮಾತನ್ನು ಕೋಲಾರದ ಕಡೆ ಕೇಳದವರು ವಿರಳ. ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಎಷ್ಟೋ ತಾಯಂದಿರು ಅಜ್ಜಿಯರ ಈ ಮಾತಿನಿಂದ ಸಮಾಧಾನ ತಂದುಕೊಂಡಿದ್ದಾರೆ; ಸಮಾಧಾನ ದೊರೆಯದೆ ಹೋದವರೂ ಇದ್ದಾರೆ. ಹಲ್ಲಿನ ಮೇಲೆ ಹೊರಿಸಿದ ಅಪರಾಧದ ನಿಜವಾದ ಕರ್ತೃಗಳು ಬೆಳಕಿಗೆ ಬಂದದ್ದು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ.

1968ರಲ್ಲಿ ಅಮೆರಿಕದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಮಕ್ಕಳೂ ಉಪಾಧ್ಯಾಯರೂ ಒಮ್ಮೆಲೇ ವಾಂತಿಯಿಂದ ನರಳಿದರು. ಆ ರೋಗಿಗಳ ಮಲದ ಮಾದರಿಯಲ್ಲಿ 1972ರಲ್ಲಿ ಆಲ್ಬರ್ಟ್ ಕಾಪಿಕಿಯನ್ ಕಂಡುಹಿಡಿದ ವೈರಸ್ಸೇ ಇಂದಿನ ನೊರೊವೈರಸ್. ಮರುವರ್ಷ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಮಕ್ಕಳ ಕರುಳಿನಲ್ಲಿ ಮತ್ತೊಂದನ್ನು ಕಂಡರು. ಗಾಲಿಯಂತೆ ತೋರಿದ ಅದಕ್ಕೆ ರೋಟಾವೈರಸ್ ಎಂಬ ಹೆಸರಾಯಿತು.

ಇನ್ನು ನಮಗೆ ಸಮೀಪದ ಕಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಆ ನಗರದ ನವಜಾತ ಶಿಶುಗಳಲ್ಲಿ ಒಂದು ವಿಚಿತ್ರವನ್ನು ಗುರುತಿಸಿತು. ರೋಟಾವೈರಸ್ ಹೊಟ್ಟೆಯಲ್ಲಿದ್ದರೂ ಕೂಸುಗಳಿಗೆ ಭೇದಿಯಿಲ್ಲ! ಐ321 ಎಂದು ಕರೆದ ಆ ತಳಿಯ 11 ವಂಶವಾಹಿ ತುಣುಕುಗಳಲ್ಲಿ 9 ದನಗಳ ವೈರಸ್ಸಿನವು, ಎರಡು ಮಾತ್ರ ಮನುಷ್ಯರ ವೈರಸ್ಸಿನವು. ಕೊಟ್ಟಿಗೆಯೂ ತೊಟ್ಟಿಲೂ ಒಂದೇ ಸೂರಿನಡಿ ಇದ್ದ ನಾಡಿನವರಿಗೆ ಇದು ತೀರ ಅಚ್ಚರಿಯೇನಲ್ಲ. ಹಸುವಿನ ಸಿಡುಬಿನಲ್ಲಿ ಮನುಷ್ಯನ ಸಿಡುಬಿಗೆ ತಡೆ ಕಂಡ ಜೆನ್ನರನೂ ನೆನಪಾಗುತ್ತಾನೆ. ಈ ತಳಿಯನ್ನೂ, ದೆಹಲಿಯಲ್ಲಿ ಎಂ. ಕೆ. ಭಾನ್ ಅವರ ತಂಡಕ್ಕೆ ದೊರೆತ 116ಇ ತಳಿಯನ್ನೂ ಶಿಶುಗಳಿಗೆ ಕೊಟ್ಟು ಹೋಲಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ದೆಹಲಿಯದು ಗೆದ್ದಿತು. ನಮ್ಮದು ಹಿಂದೆ ಬಿದ್ದಿತು. ಹೈದರಾಬಾದಿನ ಭಾರತ್ ಬಯೋಟೆಕ್ ಗೆದ್ದ ತಳಿಯಿಂದ ಲಸಿಕೆ ತಯಾರಿಸಿತು.

ಸೋಲು ವಿಜ್ಞಾನದಲ್ಲಿ ಸಹಜ. ನನ್ನ ಮನಸ್ಸನ್ನು ಕಾಡುವುದು ಮುಂದಿನ ಸಂಗತಿ. ಮುಳಬಾಗಿಲು, ಶ್ರೀನಿವಾಸಪುರಗಳ ಗಡಿಯಾಚೆ ಆಂಧ್ರಪ್ರದೇಶ. ಅಲ್ಲಿ 2016ರಲ್ಲಿಯೇ ಐದು ಹನಿಯ ಆ ಲಸಿಕೆ ಸರ್ಕಾರದಿಂದ ಉಚಿತವಾಗಿ ದೊರೆಯಿತು. ಮಾಲೂರಿನಾಚೆಯ ತಮಿಳುನಾಡಿಗೆ ರೋಟಾ ಲಸಿಕೆ 2017ರಲ್ಲಿ ಬಂದಿತು, ಕರ್ನಾಟಕಕ್ಕೆ 2019ರಲ್ಲಿ. ನೆಂಟಸ್ತನ, ಸಂತೆ, ತೆಲುಗು ಮಾತು ದಿನವೂ ದಾಟುವ ಗಡಿಯನ್ನು ಲಸಿಕೆ ದಾಟಲು ಮೂರು ವರ್ಷ ಬೇಕಾಯಿತು. ದೊಡ್ಡ ದೇಶದಲ್ಲಿ ಇಂಥ ಕೆಲಸ ಹಂತಹಂತವಾಗಿ ಆಗಬೇಕೆಂಬುದು ನಿಜವೇ. ಆದರೆ ಖಾಸಗಿ ವೈದ್ಯರಲ್ಲಿ ಹಣ ತೆರಲಾಗದ ಮನೆಗಳಲ್ಲಿ, ಆ ಮೂರು ವರ್ಷಗಳಲ್ಲಿ ಹುಟ್ಟಿದ ಕೂಸುಗಳಿಗೆ ಈ ಸಮಜಾಯಿಷಿ ಸಲ್ಲುವುದಿಲ್ಲ.

ನೊರೊವೈರಸ್ಸಿಗಂತೂ ಅನುಮೋದಿತ ಲಸಿಕೆ ಇನ್ನೂ ಇಲ್ಲ. ಮನುಷ್ಯನ ಕರುಳಿನ ಜೀವಕೋಶಗಳಲ್ಲಿ ಅದನ್ನು ಬೆಳೆಸುವ ದಾರಿ ಸಿಕ್ಕಿದ್ದೇ 2016ರಲ್ಲಿ. ಅದರಲ್ಲಿ ಬಗೆಗಳು ಹಲವು, ರೂಪವೂ ಬದಲಾಗುತ್ತಿರುತ್ತದೆ. ಮಾಡರ್ನಾ ಕಂಪನಿ 2024ರಲ್ಲಿ ಮೂರನೆಯ ಹಂತದ ಪರೀಕ್ಷೆಗೆ ಕೈಹಾಕಿತು, ಅದೂ ವಯಸ್ಕರಲ್ಲಿ. ಕೈಗೆ ಬಳಿದುಕೊಳ್ಳುವ ಮದ್ಯಸಾರದ ದ್ರವಕ್ಕೂ ಈ ವೈರಸ್ ಸುಲಭವಾಗಿ ಬಗ್ಗುವುದಿಲ್ಲ. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಸೋಪು, ನೀರು ಮತ್ತು ಭೇದಿಯಾದ ಕೂಸಿಗೆ ಗುಟುಕು ಗುಟುಕಾಗಿ ಕುಡಿಸುವ ಓಆರ್‌ಎಸ್ ದ್ರಾವಣ.