ಮೈದಾನದ ಗುಂಪು ಹಲ್ಲೆ: ಆತ್ಮರಕ್ಷಣೆ ಎಲ್ಲಿಗೆ ಮುಗಿಯುತ್ತೆ?

2025ರ ಏಪ್ರಿಲ್ 27. ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಟೂರ್ನಿ ನಡೆಯುತ್ತಿದ್ದ ಮೈದಾನದ ಬಳಿ ವಯನಾಡು ಮೂಲದ ವ್ಯಕ್ತಿಯೊಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಆತ ಪಾಕಿಸ್ತಾನದ ಪರ ಘೋಷಣೆ ಕೂಗಿದ್ದ ಅನ್ನೋದು ಆಮೇಲೆ ಕೇಳಿಬಂದ ಮಾತು. ಕೂಗಿದ್ದರೂ ಕಾನೂನು ಏನನ್ನುತ್ತೆ?

ಭಾರತೀಯ ನ್ಯಾಯ ಸಂಹಿತೆಯ ಕಲಂ 35 ಆತ್ಮರಕ್ಷಣೆಯ ಹಕ್ಕು ಕೊಡುತ್ತದೆ. ನಾನು ಎಂಜಿನಿಯರಿಂಗ್ ಓದಿದವನು, ಇದನ್ನು ಲೋಡ್ ಲಿಮಿಟ್ ಅಂತ ಅರ್ಥ ಮಾಡಿಕೊಳ್ಳುತ್ತೇನೆ. ಕಲಂ 37ರ ಪ್ರಕಾರ ರಕ್ಷಣೆಗೆ ಬೇಕಾದಷ್ಟೇ ಬಲ ಬಳಸಬಹುದು. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಘೋಷಣೆ ದೈಹಿಕ ದಾಳಿಯಲ್ಲ. ಅದಕ್ಕೆ ದೂರು ಕೊಡಬಹುದು, ದೊಣ್ಣೆ ಎತ್ತುವಂತಿಲ್ಲ.

ಜಾತಿ, ಸಮುದಾಯ, ಭಾಷೆ, ಜನ್ಮಸ್ಥಳ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ಕಲಂ 103(2): ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ.

ಆತ್ಮರಕ್ಷಣೆ ಅಂತ ವಾದಿಸುವ ಆರೋಪಿ ಅದನ್ನು ತೋರಿಸಬೇಕು, ಆದರೆ ಸಂಭವನೀಯ ಅನ್ನಿಸುವಷ್ಟು ಸಾಕು. ಸಂಶಯಾತೀತವಾಗಿ ಸಾಬೀತುಪಡಿಸುವ ಹೊರೆ ಪ್ರಾಸಿಕ್ಯೂಷನ್‌ದು. ಈ ರಕ್ಷಣೆ ಕುಡುಪು ಆರೋಪಿಗಳಿಗೂ ಇದೆ, ಇರಲೇಬೇಕು.

ಸತ್ತವನಿಗೆ? ಪೊಲೀಸರು ಮೊದಲು ದಾಖಲಿಸಿದ್ದು ಅಸಹಜ ಸಾವು. ಮುಂದೆ ಇನ್‌ಸ್ಪೆಕ್ಟರ್ ಸೇರಿ ಮೂವರು ಅಮಾನತಾದರು. ಕೋರ್ಟಿನ ನ್ಯಾಯ ಶುರುವಾಗೋದು ಠಾಣೆಯ ಮೊದಲ ಸಾಲಿನಲ್ಲೇ.